ನಾವು ಯಾವ ಕಡೆ ಇದ್ದೆವು?

ಕಳೆದ ವರ್ಷ ಮುದ್ದೇಬಿಹಾಳ ತಾಲೂಕಿನ ಒಂದು ಕಾಲೇಜಿನಲ್ಲಿ ಅಮೆರಿಕದ ಯುದ್ಧೋತ್ತರ ಕಾದಂಬರಿಗಳ ಬಗ್ಗೆ ಮಾತಾಡಲು ಕರೆದಿದ್ದರು. ನನ್ನ ಪಿಎಚ್‌ಡಿ ವಿಷಯವೇ ಅದು. ಒಂದು ತಾಸು ವಿಯೆಟ್ನಾಂ, ಡ್ರೆಸ್ಡೆನ್, ಹಿಪ್ಪಿಗಳು ಅಂತೆಲ್ಲ ಹೇಳಿದೆ. ಪ್ರಶ್ನೆ ಕೇಳಿ ಎಂದಾಗ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮೇಡಂ, ನಮ್ಮ ತಾಳಿಕೋಟಿ ಯುದ್ಧನೂ ದೊಡ್ಡ ಯುದ್ಧನ ಅಲ್ರೀ? ಆ ಯುದ್ಧದಾಗ ನಾವು ಯಾವ ಕಡೆ ಇದ್ವಿ?”

ತರಗತಿ ನಕ್ಕಿತು. “ವಿಜಯನಗರದ ಕಡೆ, ಇನ್ಯಾವ ಕಡೆ” ಎಂದು ಒಬ್ಬ. “ಏ, ನಾವು ಬಿಜಾಪುರದವ್ರೋ” ಎಂದು ಇನ್ನೊಬ್ಬ. ಮತ್ತೆ ನಗು. ನಾನು “ಚಲೋ ಪ್ರಶ್ನೆ” ಎಂದು ಹೇಳಿ, ಉತ್ತರ ಕೊಡದೆ ಮುಂದಿನ ಪ್ರಶ್ನೆಗೆ ಹೋದೆ. ಉತ್ತರ ಗೊತ್ತಿದ್ದರೆ ತಾನೇ ಕೊಡುವುದು. ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಕೂತಾಗಲೂ ಆ ಪ್ರಶ್ನೆ ಬಿಡಲಿಲ್ಲ. ಯುದ್ಧ ಮುಗಿದು ನಾಲ್ಕೂವರೆ ಶತಮಾನ ಕಳೆದರೂ ಹತ್ತೊಂಬತ್ತರ ಹುಡುಗನಿಗೆ ತಾನೊಂದು ಕಡೆ ನಿಲ್ಲಲೇಬೇಕು ಅನ್ನಿಸುವುದೇಕೆ? ಸತ್ತವರಲ್ಲಿ ನಮ್ಮವರು ಯಾರು ಎಂದು ಗೊತ್ತಾಗುವ ತನಕ ನಮಗೆ ಅಳಲು ಬರುವುದಿಲ್ಲವೇ?

*

ಮೊದಲು ಆ ದಿನ ನಾನು ಹೇಳಿದ ಪಾಠವನ್ನೇ ಇಲ್ಲಿ ಚುಟುಕಾಗಿ ಹೇಳಿಬಿಡುತ್ತೇನೆ.

ಎರಡನೆಯ ಮಹಾಯುದ್ಧ ಗೆದ್ದು ಬಂದ ಅಮೆರಿಕಕ್ಕೆ ಅದೊಂದು ಪುಣ್ಯದ ಯುದ್ಧವಾಗಿತ್ತು. ಸಿನಿಮಾಗಳಲ್ಲಿ ಸೈನಿಕರು ಚೆಲುವರಾಗಿದ್ದರು, ಸಾವು ಕೂಡ ಚೆಲುವಾಗಿತ್ತು. ಆದರೆ ಅಲ್ಲಿಗೆ ಹೋಗಿ ಬಂದವರಲ್ಲಿ ಕೆಲವರಿಗೆ ಈ ಕತೆ ಒಗ್ಗಲಿಲ್ಲ. ಜೋಸೆಫ್ ಹೆಲ್ಲರ್ ಇಟಲಿಯ ಮೇಲೆ 60 ಬಾರಿ ಬಾಂಬರ್ ವಿಮಾನದಲ್ಲಿ ಹಾರಿ ಬಂದವನು. ಅವನ ‘ಕ್ಯಾಚ್-22’ 1961ರಲ್ಲಿ ಬಂತು. ಅದರಲ್ಲಿ ಶತ್ರುವಿಗಿಂತ ಭಯಾನಕವಾದದ್ದು ಸ್ವಂತ ಸೈನ್ಯದ ಕಾಗದಪತ್ರ. ಕರ್ಟ್ ವೊನೆಗಟ್ ಜರ್ಮನರ ಕೈಗೆ ಸೆರೆಸಿಕ್ಕು ಡ್ರೆಸ್ಡೆನ್ ನಗರದಲ್ಲಿದ್ದ. 1945ರ ಫೆಬ್ರುವರಿಯಲ್ಲಿ ಮಿತ್ರಪಡೆಗಳ ಬಾಂಬಿಗೆ ನಗರ ಸುಟ್ಟುಹೋದಾಗ ಅವನು ಕಸಾಯಿಖಾನೆಯೊಂದರ ನೆಲಮಾಳಿಗೆಯಲ್ಲಿದ್ದು ಬದುಕಿ ಉಳಿದ. ಆಮೇಲೆ ಹೆಣಗಳನ್ನು ಅಗೆದು ತೆಗೆಯುವ ಕೆಲಸಕ್ಕೆ ಅವನನ್ನು ಹಚ್ಚಿದರು. ಅದನ್ನು ಕಾದಂಬರಿಯಾಗಿ ಬರೆಯಲು ಅವನಿಗೆ 24 ವರ್ಷ ಬೇಕಾಯಿತು. ‘ಸ್ಲಾಟರ್‌ಹೌಸ್-ಫೈವ್’ ಪ್ರಕಟವಾದದ್ದು 1969ರಲ್ಲಿ, ವಿಯೆಟ್ನಾಂ ಯುದ್ಧ ಉರಿಯುತ್ತಿದ್ದಾಗ.

ಆ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಯುದ್ಧದ ನೆನಪು ಕೆದಕಲು ವೊನೆಗಟ್ ಹಳೆಯ ಸಹಸೈನಿಕನ ಮನೆಗೆ ಹೋಗುತ್ತಾನೆ. ಗೆಳೆಯನ ಹೆಂಡತಿ ಮೇರಿ ಸಿಟ್ಟಿನಲ್ಲಿದ್ದಾಳೆ. ಆಗ ನೀವಿನ್ನೂ ಹಸುಳೆಗಳು, ಆದರೆ ಪುಸ್ತಕದಲ್ಲಿ ನಿಮ್ಮನ್ನು ನೀವೇ ಗಂಡಸರು ಮಾಡಿಕೊಳ್ಳುತ್ತೀರಿ, ಅದನ್ನು ಓದಿ ಮತ್ತಷ್ಟು ಹಸುಳೆಗಳು ಯುದ್ಧಕ್ಕೆ ಹೋಗುತ್ತವೆ ಎಂಬುದು ಅವಳ ತಕರಾರು. ಹಾಗೆ ಬರೆಯುವುದಿಲ್ಲ ಎಂದು ಅವನು ಮಾತು ಕೊಡುತ್ತಾನೆ, ಪುಸ್ತಕವನ್ನು ಅವಳಿಗೂ ಅರ್ಪಿಸುತ್ತಾನೆ. ಅಮೆರಿಕದ ಯುದ್ಧವಿರೋಧಿ ಸಾಹಿತ್ಯದ ನೀತಿಯೆಲ್ಲ ಅಡುಗೆಮನೆಯ ಆ ಸಿಟ್ಟಿನಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ.

ಅರವತ್ತರ ದಶಕದ ಹುಡುಗರು ಈ ಪುಸ್ತಕಗಳನ್ನು ಜೇಬಿನಲ್ಲಿಟ್ಟುಕೊಂಡು ಬೀದಿಗಿಳಿದರು. ಸೈನ್ಯಕ್ಕೆ ಕರೆಯುವ ಚೀಟಿಗಳನ್ನು ಸುಟ್ಟರು. 1971ರ ಏಪ್ರಿಲ್‌ನಲ್ಲಿ ವಿಯೆಟ್ನಾಂನಿಂದ ಮರಳಿದ ಸೈನಿಕರೇ ತಮ್ಮ ಪದಕಗಳನ್ನು ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲ ಕಡೆಗೆ ಎಸೆದರು. ಪ್ರತಿಸಂಸ್ಕೃತಿ ಎಂದು ನಾವು ಕರೆಯುವುದರಲ್ಲಿ ಉದ್ದಕೂದಲು, ಗಾಂಜಾ, ಗಿಟಾರು ಇದ್ದದ್ದು ಹೌದು. ಅದರ ಬುಡದಲ್ಲಿ ಇದ್ದದ್ದು ಮಾತ್ರ ಒಂದು ನಿರಾಕರಣೆ: ನನ್ನ ಹೆಸರಲ್ಲಿ ಕೊಲ್ಲಬೇಡಿ, ನನ್ನ ಸಾವನ್ನು ನಿಮ್ಮ ಕೀರ್ತಿ ಮಾಡಿಕೊಳ್ಳಬೇಡಿ.

ಇಷ್ಟು ಹೇಳಿ ನಾನು ಪಾಠ ಮುಗಿಸುತ್ತಿದ್ದೆ. ಆದರೆ ಹುಡುಗನ ಪ್ರಶ್ನೆಯ ನಂತರ ಒಂದು ಕೊರತೆ ಕಾಣತೊಡಗಿತು. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದ ವಿಯೆಟ್ನಾಂ ಸ್ಮಾರಕದ ಕಪ್ಪುಕಲ್ಲಿನ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿ ವಿಯೆಟ್ನಾಮಿನವರ ಒಂದು ಹೆಸರೂ ಇಲ್ಲ, ಸತ್ತವರು ಲಕ್ಷಲಕ್ಷ ಇದ್ದರೂ. ಸೈಗಾನಿನಿಂದ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದ ಕುಟುಂಬದ ಲೇಖಕ ವಿಯೆಟ್ ಥಾನ್ ನುಯೆನ್ ಇದನ್ನೇ ಎತ್ತಿ ಆಡುತ್ತಾನೆ. ಯುದ್ಧವನ್ನು ಬೈದ ಅಮೆರಿಕದ ಒಳ್ಳೆಯ ಕಾದಂಬರಿಗಳು ಕೂಡ ಬಹುಮಟ್ಟಿಗೆ ಅತ್ತದ್ದು ಅಮೆರಿಕದ ಹುಡುಗರಿಗಾಗಿ. ಕೀರ್ತಿ ಬೇಡ ಎನ್ನುವಷ್ಟು ದೂರ ಅವು ಬಂದವು. ಎದುರಿನವನ ಹೆಣದ ಮುಂದೆ ಕೂರುವ ತನಕ ಬಂದದ್ದು ಕಡಿಮೆ.

*

ಈಗ ನಮ್ಮ ಕೃಷ್ಣೆಯ ದಂಡೆಗೆ ಬರೋಣ.

1565ರ ಜನವರಿ 23ರ ಕದನವನ್ನು ಪಠ್ಯಪುಸ್ತಕ ತಾಳಿಕೋಟೆಯ ಕದನ ಎನ್ನುತ್ತದೆ. ನಡೆದ ಜಾಗ ಇದೇ ಎಂದು ಇತಿಹಾಸಕಾರರು ಒಮ್ಮತದಿಂದ ಹೇಳುವುದಿಲ್ಲ. ರಕ್ಕಸಗಿ–ತಂಗಡಗಿ ಎಂಬ ಜೋಡಿ ಹೆಸರೂ ಅದಕ್ಕಿದೆ. ರಕ್ಕಸಗಿ ಹೊಳೆಯ ಆಚೆ ಹುನಗುಂದದ ಕಡೆ, ತಂಗಡಗಿ ಈಚೆ ಮುದ್ದೇಬಿಹಾಳದ ಕಡೆ. ಗಿರೀಶ ಕಾರ್ನಾಡರು 2018ರಲ್ಲಿ ಬರೆದ ನಾಟಕಕ್ಕೆ ‘ರಾಕ್ಷಸ ತಂಗಡಿ’ ಎಂದು ಹೆಸರಿಟ್ಟದ್ದು ಇಲ್ಲಿಂದ. ಅದರ ಮರುವರ್ಷ ಅವರು ತೀರಿಕೊಂಡರು.

ಆ ಹುಡುಗನ ಪ್ರಶ್ನೆಯನ್ನು ಭೂಗೋಳದ ಪ್ರಶ್ನೆಯಾಗಿ ತೆಗೆದುಕೊಂಡರೆ ಉತ್ತರ ಸುಲಭ. ಕೃಷ್ಣೆಯ ಉತ್ತರಕ್ಕಿರುವ ನಮ್ಮ ಊರುಗಳು ಆದಿಲಶಾಹಿಗೆ ಸೇರಿದ್ದವು. ನಮ್ಮ ಹಿರಿಯರು ಕಂದಾಯ ಕಟ್ಟಿದ್ದು ಬಿಜಾಪುರಕ್ಕೆ. ಹಾಗಾದರೆ ‘ನಾವು’ ಗೆದ್ದವರ ಕಡೆ. ಭಾಷೆಯ ಪ್ರಶ್ನೆಯಾಗಿ ತೆಗೆದುಕೊಂಡರೆ ಕನ್ನಡದ ಜನ ಎರಡೂ ದಂಡೆಗೆ ಇದ್ದರು. ಧರ್ಮದ ಪ್ರಶ್ನೆಯಾಗಿ ತೆಗೆದುಕೊಂಡರೆ ಲೆಕ್ಕ ಇನ್ನೂ ಕೆಡುತ್ತದೆ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠರಿದ್ದರು. ರಾಮರಾಯ ಹರೆಯದಲ್ಲಿ ಗೋಲ್ಕೊಂಡದ ಚಾಕರಿ ಮಾಡಿದವನು. ಅವನನ್ನು ಸೋಲಿಸಲು ಬಂದ ಇಬ್ರಾಹಿಂ ಕುತುಬ್ ಶಾಹ ಒಂದು ಕಾಲಕ್ಕೆ ಪ್ರಾಣಭಯದಿಂದ ವಿಜಯನಗರದಲ್ಲೇ ಆಶ್ರಯ ಪಡೆದು ವರ್ಷಗಟ್ಟಲೆ ಇದ್ದವನು. ಬಿಜಾಪುರದ ಅಲಿ ಆದಿಲ್ ಶಾಹ ವಿಜಯನಗರಕ್ಕೆ ಹೋಗಿ ರಾಮರಾಯನ ಮಗನೆನಿಸಿಕೊಂಡು ಬಂದವನು. ಇಬ್ಬರೂ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದರು. ಅದೇ ಅಹಮದನಗರದ ಹುಸೇನ್ ನಿಜಾಮ್ ಶಾಹ ಕದನದ ದಿನ ರಾಮರಾಯನ ತಲೆ ತೆಗೆಸಿದ.

ಗೆದ್ದವರ ಕತೆಯನ್ನೂ ಒಮ್ಮೆ ನೋಡಬೇಕು. ಹುಸೇನನನ್ನು ಹೊಗಳಿ ಆಫ್ತಾಬಿ ಎಂಬ ಕವಿ ಪಾರಸಿಯಲ್ಲಿ ಬರೆದ ಸಚಿತ್ರ ಕಾವ್ಯವೊಂದು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಅದರಲ್ಲಿ ರಾಮರಾಯನ ಶಿರಚ್ಛೇದದ ಚಿತ್ರವಿದೆ. ಹುಸೇನನ ಹೆಂಡತಿ ಖೂಂಜಾ ಹುಮಾಯೂನಳ ಚಿತ್ರಗಳೂ ಇದ್ದವು, ಆದರೆ ಅವುಗಳಲ್ಲಿ ಅವಳ ಆಕೃತಿಯನ್ನು ಆಮೇಲೆ ಯಾರೋ ಉಜ್ಜಿ ಅಳಿಸಿದ್ದಾರೆ. ಹುಸೇನ ಗೆದ್ದ ವರ್ಷವೇ ಸತ್ತ. ಮಗನ ಪರವಾಗಿ ಆಳಿದ ಅವಳನ್ನು ಕೊನೆಗೆ ಆ ಮಗನೇ ಸೆರೆಗೆ ಹಾಕಿದ. ಅವಳ ಮಗಳು ಚಾಂದಬೀಬಿಯನ್ನು ಇದೇ ಕದನಕ್ಕಾಗಿ ಕುದುರಿದ ಒಪ್ಪಂದದ ಭಾಗವಾಗಿ ಅಲಿ ಆದಿಲ್ ಶಾಹನಿಗೆ ಕೊಟ್ಟು ಮದುವೆ ಮಾಡಿದ್ದರು. ಗಂಡ 1580ರಲ್ಲಿ ಕೊಲೆಯಾದ. ಮೊಗಲರ ವಿರುದ್ಧ ಅಹಮದನಗರದ ಕೋಟೆ ಕಾಯ್ದ ಆ ಹೆಣ್ಣುಮಗಳು ಕೊನೆಗೆ ತನ್ನ ಕಡೆಯವರಿಂದಲೇ ಹತಳಾದಳು. ಗೆದ್ದವರ ಕಡೆ ಇದ್ದದ್ದು ಇಷ್ಟು.

ಸಾಮಾನ್ಯ ಕುದುರೆಗಾಲಿಯ, ಕಾಲಾಳಿನ, ದಂಡಿಗೆ ದವಸ ಹೊತ್ತ ಎತ್ತಿನವನ ಹೆಸರು ಯಾವ ಕಡೆಯ ಪುಸ್ತಕದಲ್ಲೂ ಕಾಣುವುದಿಲ್ಲ. ನಮಗೆ ಹೆಲ್ಲರ್ ಇಲ್ಲ, ವೊನೆಗಟ್ ಇಲ್ಲ. ಮರಳಿ ಬಂದವನಿಗೆ ಬರೆಯಲು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದವನು ದೊರೆಯ ಅನ್ನ ಉಣ್ಣುತ್ತಿದ್ದ.

*

ರಾಮರಾಯನಿಗೆ ಬೇಕಾಗಿದ್ದುದರಲ್ಲಿ ಒಂದು, ಕಲ್ಯಾಣ. ಅವನ ಅರವೀಡು ಮನೆತನ ತನ್ನನ್ನು ಕಲ್ಯಾಣದ ಚಾಲುಕ್ಯರ ವಂಶದ್ದೆಂದು ಹೇಳಿಕೊಳ್ಳುತ್ತಿತ್ತು. ಸುಲ್ತಾನರು ಆ ಕೋಟೆಗಾಗಿ ಕಚ್ಚಾಡುವಾಗೆಲ್ಲ ರಾಮರಾಯ ಅದರಲ್ಲಿ ಕೈ ಹಾಕುತ್ತಿದ್ದದ್ದಕ್ಕೆ ಈ ವಂಶದ ಹೆಮ್ಮೆಯೂ ಕಾರಣ ಎಂದು ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ವಾದಿಸುತ್ತಾರೆ. ಕಾರ್ನಾಡರ ನಾಟಕದ ರಾಮರಾಯನ ಎದೆಯಲ್ಲೂ ಕಲ್ಯಾಣವಿದೆ. ನಾಲ್ಕು ನೂರು ವರ್ಷ ಹಿಂದಿನ ವೈಭವ ತನ್ನದು ಎಂಬ ನೆನಪು ಎಂಬತ್ತರ ಆಸುಪಾಸಿನ ಮುದುಕನನ್ನು ರಣರಂಗಕ್ಕೆ ತಂದಿತು.

ಅದೇ ಕಲ್ಯಾಣದ ಇನ್ನೊಂದು ನೆನಪು ತಂಗಡಗಿಯಲ್ಲಿದೆ. ಕದನಕ್ಕಿಂತ ನಾಲ್ಕು ಶತಮಾನ ಹಳೆಯದು. ಊರಿನ ಹತ್ತಿರ ಕೃಷ್ಣೆಯ ದಂಡೆಗೆ ನೀಲಮ್ಮನ ಐಕ್ಯಸ್ಥಳ. ನೀಲಮ್ಮ ಬಸವಣ್ಣನ ಹೆಂಡತಿ, ಸ್ವತಃ ವಚನ ಬರೆದವಳು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಹುಡುಗ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ, ಕಾಯಕದವರನ್ನೆಲ್ಲ ಕೂಡಿಸಿ ಕಟ್ಟಿದ ಲೋಕ ಒಂದು ಮದುವೆಯಿಂದ ಸ್ಫೋಟಿಸಿದ ಕತೆ ನಮಗೆ ಗೊತ್ತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳು. ಶಿಕ್ಷೆ, ಎಳೆಹೂಟೆ, ಬಿಜ್ಜಳನ ಕೊಲೆ, ಶರಣರ ಬೇಟೆ. ಬಸವಣ್ಣ ಕೂಡಲಸಂಗಮಕ್ಕೆ ಬಂದು ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳಿಸಿದನೆಂದೂ, ಬರುವ ದಾರಿಯಲ್ಲಿ ತಂಗಡಗಿಯಲ್ಲೇ ಅವಳ ಪಯಣ ಮುಗಿಯಿತೆಂದೂ ನಂಬಿಕೆ. ಅಪ್ಪಣ್ಣನ ನೆನಪೂ ಆ ಊರಿನಲ್ಲೇ ಉಳಿದಿದೆ.

ಅಮೆರಿಕದಲ್ಲಿ ಯುದ್ಧ ಮೊದಲು, ಪ್ರತಿಸಂಸ್ಕೃತಿ ಆಮೇಲೆ. ನಮ್ಮಲ್ಲಿ ಕ್ರಮ ತಿರುವು ಮುರುವು. ಪ್ರತಿಸಂಸ್ಕೃತಿ ಮೊದಲು, ಕತ್ತಿ ಆಮೇಲೆ. ಆದರೆ ಕತ್ತಿಯ ನಂತರ ಉಳಿದದ್ದೇನು ಎಂಬುದು ಮುಖ್ಯ. ಚೆದುರಿ ಹೋದ ಶರಣರು ಕಟ್ಟಿಕೊಂಡು ಓಡಿದ್ದು ಓಲೆಗರಿಯ ಕಟ್ಟುಗಳನ್ನು ಎನ್ನುತ್ತದೆ ಪರಂಪರೆ. ಆ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಂತಿಯಲ್ಲಿ ಉಳಿದು, ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರ ಕೈಗೆ ಬಂದು 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಅಚ್ಚಾದವು. ಐವತ್ತು ವರ್ಷ ಕಳೆದು 1973ರಲ್ಲಿ ಎ.ಕೆ. ರಾಮಾನುಜನ್ನರ ಇಂಗ್ಲಿಷಿನಲ್ಲಿ ಪೆಂಗ್ವಿನ್ ಪುಸ್ತಕವಾದವು. ಅದು ಅಮೆರಿಕದ ಸೈನ್ಯ ವಿಯೆಟ್ನಾಂ ಬಿಟ್ಟು ಹೊರಟ ವರ್ಷ. ಅಲ್ಲಿಯ ಹುಡುಗರಿಗೆ ನಮ್ಮ ಬಾಗೇವಾಡಿಯ ಹುಡುಗ ಪರಕೀಯ ಅನ್ನಿಸಿರಲಿಕ್ಕಿಲ್ಲ.

ಕನ್ನಡದ ನಾಟಕಕಾರರೂ ಪದೇ ಪದೇ ಈ ಕಲ್ಯಾಣಕ್ಕೆ ಹೋಗಿದ್ದಾರೆ. ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ಕಲ್ಯಾಣದ ರಕ್ತದ ಮುಂದೆ ನಿಂತು ಬರೆದವು. ರಾಮರಾಯನ ಕಲ್ಯಾಣ ವಂಶಕ್ಕೆ ಸೇರಬೇಕಾದ ಆಸ್ತಿ. ನೀಲಮ್ಮನ ಕಲ್ಯಾಣ ಯಾರಿಗೂ ಸೇರದ, ಮತ್ತೆ ಮತ್ತೆ ಕಟ್ಟಬೇಕಾದ ಕೆಲಸ. ಹುಡುಗನ ಪ್ರಶ್ನೆ ಮೊದಲನೆಯ ನೆನಪಿನಿಂದ ಹುಟ್ಟಿದ್ದು.

*

ಇದೆಲ್ಲ ಹಳೆಯದಾಯಿತು ಅನ್ನಬಹುದು. ನಮ್ಮ ಅಜ್ಜಂದಿರು ಕಂಡ ಒಂದು ಸಂಗತಿ ಇದೆ. ಸಿಂದಗಿ, ಮುದ್ದೇಬಿಹಾಳಗಳು ಆಗ ಮುಂಬೈ ಪ್ರಾಂತದ ಅಂಚು. ಗಡಿ ದಾಟಿದರೆ ಅಫಜಲಪುರ, ಜೇವರ್ಗಿ, ಲಿಂಗಸುಗೂರು, ಅಂದರೆ ನಿಜಾಮನ ರಾಜ್ಯ. ಹೈದರಾಬಾದ್ ವಿಮೋಚನೆಯ ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದೇ ಸಿಂದಗಿಯಲ್ಲಿ. ರಜಾಕಾರರ ಹಾವಳಿಗೆ ಊರು ಬಿಟ್ಟು ಗಡಿ ದಾಟಿ ಬಂದವರ ಕತೆ ಈ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕೇಳಿಸುತ್ತದೆ. ಅದು ನಿಜವಾದ ನೋವು, ನಿಜವಾದ ಭಯ.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಐದು ದಿನಗಳಲ್ಲಿ ನಿಜಾಮನನ್ನು ಮಣಿಸಿತು. ನಂತರದ ದಿನಗಳಲ್ಲಿ ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತೀರಿತು. ನೆಹರೂ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಆ ವರದಿ ಹತ್ತಿರ ಹತ್ತಿರ 65 ವರ್ಷ ಜನರ ಕಣ್ಣಿಗೆ ಬೀಳಲಿಲ್ಲ. ಪ್ರತಿ ಸೆಪ್ಟೆಂಬರ್ 17ರಂದು ವಿಮೋಚನೆಯ ಹಬ್ಬ ಮಾಡುತ್ತೇವೆ, ಮಾಡಲಿಕ್ಕೇ ಬೇಕು. 2019ರಲ್ಲಿ ಆ ಸೀಮೆಗೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟೆವು. ಯಾವ ಕಲ್ಯಾಣ ಅದು? ರಾಮರಾಯನದೋ, ನೀಲಮ್ಮನದೋ? ಎರಡನೆಯದಾದರೆ ಆ ಸತ್ತವರಿಗೂ ಅದರಲ್ಲಿ ಒಂದು ಮೂಲೆ ಬೇಕು.

*

ನನ್ನ ಕಾಕಾ ಸೈನ್ಯದಲ್ಲಿದ್ದವರು. 1999ರಲ್ಲಿ ಕಾರ್ಗಿಲ್ ಕಡೆ ಇದ್ದರು. ಈಗ ಇಂಡಿ ತಾಲೂಕಿನ ನಮ್ಮೂರಿನಲ್ಲಿ ನಿಂಬೆತೋಟ ನೋಡಿಕೊಂಡಿದ್ದಾರೆ. ಊರ ಹೋಟೆಲಿನಲ್ಲಿ ಹುಡುಗರು “ಎಷ್ಟು ಮಂದಿನ್ನ ಹೊಡದ್ರಿ?” ಅಂತ ಕೇಳಿದರೆ ಚಹಾ ಕುಡಿದು ಎದ್ದು ಬರುತ್ತಾರೆ. ನಾನೂ ಸಂಶೋಧನೆಯ ನೆಪದಲ್ಲಿ ಒಮ್ಮೆ ಫೋನಿನ ರೆಕಾರ್ಡರ್ ಹಚ್ಚಿ ಅವರ ಮುಂದೆ ಕೂತೆ.

“ಅಲ್ಲಿ ಹೆಂಗಿತ್ತು ಕಾಕಾ?”

“ಥಂಡಿ ಇತ್ತವಾ. ಬೂಟು ಹಸಿ ಆದ್ರ ಒಣಗತಿದ್ದಿಲ್ಲ.”

ಬಹಳ ಹೊತ್ತಿನ ನಂತರ ಇನ್ನೊಂದು ಮಾತು ಹೇಳಿದರು. ಒಂದು ಕಡೆ ಬಂಡೆಯ ಮರೆಯಲ್ಲಿ ಎದುರಿನ ಕಡೆಯ ಸೈನಿಕನ ಹೆಣ ಸಿಕ್ಕಿತಂತೆ. ಜೇಬಿನಲ್ಲಿ ಕಾಗದ ಇತ್ತಂತೆ. “ಉರ್ದು ಇತ್ತು. ನಮ್ಮ ಸುಬೇದಾರಗ ಓದಾಕ ಬರ್ತಿತ್ತು, ಆದ್ರ ಅವ ಓದಲಿಲ್ಲ. ಮಡಚಿ ಮತ್ತ ಕಿಸೇದಾಗ ಇಟ್ಟ.” ಅಷ್ಟು ಹೇಳಿ ನನ್ನ ಫೋನ್ ನೋಡಿ, “ಇದನ್ನ ಬರದು ಏನ್ ಮಾಡ್ತಿ?” ಅಂದರು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಈಗ ಅವರಿಗೆ ಕೇಳಿ, ಅವರು “ಹೆಸರ ಹಾಕಬ್ಯಾಡ” ಅಂದ ಮೇಲೆ ಬರೆದಿದ್ದೇನೆ.

ಇದೇ ಕಾಕಾ ಮೊಹರಂ ಬಂತೆಂದರೆ ಬೇರೆ ಮನುಷ್ಯ. ನಮ್ಮದು ಲಿಂಗಾಯತ ಮನೆ. ಊರಿನಲ್ಲಿ ಮುಸ್ಲಿಮರ ಮನೆ ಬೆರಳೆಣಿಕೆಯಷ್ಟು. ಆದರೂ ಅಲಾಯಿ ದೇವರು ಕೂರುತ್ತವೆ, ಕುಣಿಗೆ ಬೆಂಕಿ ಬೀಳುತ್ತದೆ, ಮನೆಮನೆಯಲ್ಲಿ ಚೊಂಗೆ ಆಗುತ್ತವೆ. ಕತ್ತಲ ರಾತ್ರಿ ಕಾಕಾ ರಿವಾಯತ್ ಮೇಳದಲ್ಲಿ ನಿಂತು ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹಾಡುವುದು ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ನಡೆದ ಕದನವನ್ನು, ನಮ್ಮ ಜವಾರಿ ಕನ್ನಡದಲ್ಲಿ. ಹೊಳೆ ಕಣ್ಣೆದುರಿಗಿದ್ದರೂ ನೀರು ಸಿಗದ ಮಕ್ಕಳು, ಮದುವೆಯಾದ ಬೆನ್ನಿಗೇ ರಣಕ್ಕೆ ಹೊರಟ ಕಾಸೀಮ, ಸೋತ ಹುಸೇನ. ಬರ ಕಂಡ ಇಂಡಿಯ ಜನಕ್ಕೆ ನೀರಡಿಕೆಯ ಹಾಡನ್ನು ವಿವರಿಸಬೇಕಾಗಿಲ್ಲ. ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಆ ಯುದ್ಧದಲ್ಲಿ ನಾವು ಯಾವ ಕಡೆ ಇದ್ದೆವು? ಯಾವ ಕಡೆಯೂ ಇರಲಿಲ್ಲ. ನಮ್ಮ ಧರ್ಮದವರಲ್ಲ, ನಾಡಿನವರಲ್ಲ, ಭಾಷೆಯವರಲ್ಲ. ಆದರೂ ಸಾವಿರದ ಮುನ್ನೂರು ವರ್ಷ ಹಳೆಯ ಸಾವಿಗೆ ಊರು ವರ್ಷಕ್ಕೊಮ್ಮೆ ಅಳುತ್ತದೆ. ನಮ್ಮ ಸೀಮೆಗೆ ಯುದ್ಧದ ಸಾಹಿತ್ಯವಿಲ್ಲ ಎಂದು ನಾನು ಕೊರಗುತ್ತಿದ್ದೆ. ಅದು ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತಿತ್ತು. ನಾನು ಗ್ರಂಥಾಲಯದಲ್ಲಿ ಹುಡುಕುತ್ತಿದ್ದೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕೂತವರ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದಾಗ ಅವರಿಗೆ ಇದು ಗೊತ್ತಿತ್ತು: ಬರೆಯಲು ಬಾರದವರು ಮೂಕರಲ್ಲ.

*

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನಾನೇ ನನಗೆ ಹಾಕಿಕೊಂಡದ್ದು. ಎಲ್ಲರಿಗೂ ಅಳುವುದೆಂದರೆ ಯಾರನ್ನೂ ತಪ್ಪಿತಸ್ಥರೆನ್ನದೆ ಜಾರಿಕೊಳ್ಳುವುದಲ್ಲವೇ? ಎಳೆಹೂಟೆ ಕಟ್ಟಿದವನೂ ಅದಕ್ಕೆ ಸಿಕ್ಕು ಸತ್ತವನೂ ಒಂದೇ ಆಗಲು ಸಾಧ್ಯವೇ?

ಸಾಧ್ಯವಿಲ್ಲ. ರಿವಾಯತ್ ಹಾಡುವವರಿಗೂ ಅದು ಗೊತ್ತು. ಯಜೀದ ಅನ್ಯಾಯ ಮಾಡಿದ ಎಂದು ಆ ಹಾಡು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಹಾಡು ಮುಗಿದ ಮೇಲೆ ಯಾರೂ ಯಜೀದನ ವಂಶದವರು ಯಾವ ಓಣಿಯಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗುವುದಿಲ್ಲ. ತಪ್ಪನ್ನು ತಪ್ಪೆನ್ನುವುದು ಒಂದು, ಅದನ್ನು ಪಕ್ಕದ ಮನೆಯವನ ತಲೆಗೆ ಕಟ್ಟುವುದು ಇನ್ನೊಂದು. ಅನ್ಯಾಯದ ನೆನಪು ಬೇಕು, ಅದಿಲ್ಲದೆ ನ್ಯಾಯವಿಲ್ಲ. ಆದರೆ ಹಗೆ ಆಸ್ತಿಯ ಹಾಗೆ ಮಗನಿಗೆ, ಮೊಮ್ಮಗನಿಗೆ ಖಾತೆ ಬದಲಿಯಾಗುತ್ತ ಹೋಗಬೇಕಿಲ್ಲ.

ನಮ್ಮೂರು ಇದನ್ನು ಕರ್ಬಲಾದ ವಿಷಯದಲ್ಲಿ ಕಲಿತಿದೆ. ತಾಳಿಕೋಟೆಯ ವಿಷಯದಲ್ಲಿ, 1948ರ ವಿಷಯದಲ್ಲಿ ಇನ್ನೂ ಕಲಿತಿಲ್ಲ. ದೂರದ ಸಾವಿಗೆ ಅಳುವುದು ಹತ್ತಿರದ ಸಾವಿಗೆ ಅಳುವುದಕ್ಕಿಂತ ಸುಲಭ ಇರಬಹುದು. ಹತ್ತಿರದ ಸಾವಿನಲ್ಲಿ ನಮ್ಮ ಕೈಯೂ ಇದ್ದೀತು ಎಂಬ ಅಂಜಿಕೆ ಇರುತ್ತದೆ.

ಮುಂದಿನ ತಿಂಗಳು ಅದೇ ಕಾಲೇಜಿಗೆ ಮತ್ತೆ ಹೋಗುವುದಿದೆ. ಆ ಹುಡುಗ ಸಿಕ್ಕರೆ ತಂಗಡಗಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನೀಲಮ್ಮನ ಗುಡಿಯ ಹತ್ತಿರ ನಿಂತರೆ ಹೊಳೆಯ ಆಚೆ ದಂಡೆ ಕಾಣುತ್ತದೆ. ನಾವು ಯಾವ ಕಡೆ ಇದ್ದೆವು ಎಂದು ಅವನು ಮತ್ತೆ ಕೇಳಿದರೆ ಹೇಳುತ್ತೇನೆ: ಅದು ನನಗೆ ಗೊತ್ತಿಲ್ಲಪ್ಪ, ನಮ್ಮವರು ಎರಡೂ ದಂಡೆಗೆ ಸತ್ತರು. ಈಗ ನೀನು ಯಾರಿಗಾಗಿ ಅಳಬಲ್ಲೆ, ಅದನ್ನು ಹೇಳು.